ಊರಿಗೆಲ್ಲ ನಾನೇ ಗುಮ್ಮ

ನಾನು ಮಕ್ಕಳನ್ನು ಹಿಡಿದುಕೊಂಡು ಹೋಗುವವಳು ಅನ್ನುವುದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೊದಲನೇ ವಾರದಲ್ಲಿ. ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಗೆ ನರ್ಸಾಗಿ ಹೋಗಿದ್ದೆ. ಬಿಳಿ ಸೀರೆ, ಹೆಗಲಿಗೊಂದು ಚೀಲ, ಊರಿನವರು ಮೆಚ್ಚಿಕೊಳ್ಳಲಿ ಎಂದು ಮುಖದ ತುಂಬ ನಗು. ಬೀದಿಯಲ್ಲಿ ಗೋಲಿ ಆಡುತ್ತಿದ್ದ ಮಕ್ಕಳಲ್ಲಿ ಒಬ್ಬ ತಲೆ ಎತ್ತಿ ನೋಡಿ, “ಸೂಜಿ ಸಿಸ್ಟ್ರು ಬಂದ್ಲು ಕಣ್ರಲಾ!” ಎಂದು ಕೂಗಿದ್ದೇ ತಡ, ಬೀದಿ ಖಾಲಿ. ಗೋಲಿಗಳು ಅಲ್ಲೇ ಬಿದ್ದಿದ್ದವು. ಒಂದು ಪುಟ್ಟ ಕೂಸಂತೂ ಓಡುವ ಭರದಲ್ಲಿ ಚಡ್ಡಿಯನ್ನೇ ಬಿಟ್ಟು ಹೋಗಿತ್ತು. ಯಾವುದಾದರೂ ಹೋರಿ ಹಗ್ಗ ಕಿತ್ತುಕೊಂಡು ಬರುತ್ತಿದೆಯೋ ಏನೋ ಅಂತ ನಾನು ಹಿಂದೆ ತಿರುಗಿ ನೋಡಿದೆ. ಯಾವ ಹೋರಿಯೂ ಇರಲಿಲ್ಲ.

ಅಲ್ಲೇ ಜಗಲಿಯ ಮೇಲೆ ಒಬ್ಬ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ತಿನ್ನಿಸುತ್ತಿದ್ದಳು. ಅವನು ಬಾಯಿ ಬಿಗಿದು ಕೂತಿದ್ದ. ನನ್ನನ್ನು ಕಂಡದ್ದೇ ಅಜ್ಜಿಯ ಮುಖ ಅರಳಿತು.

“ನೋಡ್ಲಾ, ಬಂದವ್ಳೆ ನೋಡು! ಉಣ್ತೀಯೋ, ಇಡ್ಕೊಡ್ಲೋ?”

ಹುಡುಗ ಬಾಯಿ ತೆರೆದ. ತುತ್ತು ಒಳಗೆ ಹೋಯಿತು. ಅಜ್ಜಿ ನನ್ನ ಕಡೆ ತಿರುಗಿ, ಎಷ್ಟೋ ವರ್ಷದ ಪರಿಚಯ ಅನ್ನುವ ಹಾಗೆ, “ವಸಿ ಆ ಬ್ಯಾಗಿಗೆ ಕೈ ಆಕ್ದಂಗೆ ಮಾಡವ್ವ, ಇನ್ನೆರಡು ತುತ್ತು ಉಂಡ್ಬುಡ್ತಾನೆ” ಅಂದಳು. ನಾನು ದಂಗಾಗಿ ನಿಂತುಬಿಟ್ಟೆ. ಆ ಮಗುವಿನ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಅಗಿಯುತ್ತಿತ್ತು, ನನ್ನನ್ನೇ ನೋಡುತ್ತಾ ಅಗಿಯುತ್ತಿತ್ತು. ಅಯ್ಯೋ ದೇವರೇ, ಇದೇನು ಕೆಲಸಕ್ಕೆ ಬಂದೆ ನಾನು ಅನ್ನಿಸಿತು.

ಈಗ ನೀವು ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗಿಯರು ಬಂದು ಕೇಳುತ್ತೀರಿ: “ಮೇಡಂ, ಯಾವುದು ಕಷ್ಟ? ಹೆರಿಗೆ ಕೇಸಾ? ರಿಪೋರ್ಟು ಬರೆಯೋದಾ?” ಎರಡೂ ಅಲ್ಲ ಕಣ್ರಮ್ಮಾ. ನಾವು ಯಾರನ್ನು ಉಳಿಸಬೇಕೋ ಅವರೇ ನಮ್ಮನ್ನು ಕಂಡು ಓಡುವುದಿದೆಯಲ್ಲ, ಅದು. ಇಲಾಖೆ ನಮ್ಮ ಹುದ್ದೆಯ ಹೆಸರನ್ನು ಎಷ್ಟು ಸಲ ಬದಲಾಯಿಸಿತೋ ನನಗೇ ಮರೆತಿದೆ. ನಾನು ಸೇರಿದಾಗ ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟವ್ ಮೇಲೆ ಕುದಿಸಿ, ಅದೇ ಸೂಜಿಯನ್ನು ಮತ್ತೆ ಮತ್ತೆ ಬಳಸುತ್ತಿದ್ದೆವು. ಆ ಸೂಜಿ ಮೊಂಡಾಗಿ ನಿಜವಾಗಿಯೂ ಮಕ್ಕಳಿಗೆ ಜೀವ ಹೋಗುವಷ್ಟು ನೋವಾಗುತ್ತಿತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆಮೇಲೆ ಒಂದು ಸಲ ಬಳಸಿ ಎಸೆಯುವ ಸಿರಿಂಜು ಬಂತು, ಐಸು ತುಂಬಿದ ಡಬ್ಬಿ ಬಂತು, ಬಿಳಿ ಸೀರೆ ಹೋಯಿತು, ಮೊಬೈಲು ಬಂತು. ಸೂಜಿ ಕೂದಲೆಳೆಯಷ್ಟು ಸಣ್ಣಗಾಯಿತು. ಗುಮ್ಮ ಮಾತ್ರ ಸಣ್ಣಗಾಗಲಿಲ್ಲ.

ಈ ಹೆಸರು ಕಳೆದುಕೊಳ್ಳಬೇಕೆಂದು ನಾನು ಮೊದಲು ಮಾಡಿದ ಉಪಾಯ ಕೇಳಿ. ಚೀಲದ ತುಂಬ ಪೆಪ್ಪರ್‌ಮೆಂಟು. ಬೀದಿಯಲ್ಲಿ ಸಿಕ್ಕ ಮಕ್ಕಳಿಗೆಲ್ಲ ಕೊಟ್ಟೆ. ಸ್ವಲ್ಪ ದಿನಕ್ಕೇ ಮಕ್ಕಳು ನನ್ನ ಹಿಂದೆ ಸಾಲುಗಟ್ಟಿ ಬರತೊಡಗಿದರು. ನಾನು ಬೀಗಿಹೋದೆ. ಒಂದು ದಿನ ನಮ್ಮ ಮೇಲಿನವರು, ಹಿರಿಯ ಆರೋಗ್ಯ ಸಹಾಯಕಿ ನಾಗರತ್ನಮ್ಮ, ಊರಿಗೆ ತನಿಖೆಗೆ ಬಂದರು. ಬಾಯಿ ಬಿಟ್ಟರೆ ಕೆಂಡ ಆ ಹೆಂಗಸು. ಆ ಸಾಲನ್ನು ನೋಡಿ ನಡುಬೀದಿಯಲ್ಲೇ ನಿಂತರು.

“ಏನಮ್ಮಾ ಸುಶೀಲಾ, ಇದು?”

“ಹೆದರಿಕೆ ಹೋಗಲಿ ಅಂತ ಮೇಡಂ...”

“ಹೋಯ್ತು, ಚೆನ್ನಾಗಿ ಹೋಯ್ತು. ನಾಳೆ ಯಾವನೋ ಒಬ್ಬ ಬಂದು ಪೆಪ್ಪರ್‌ಮೆಂಟು ತೋರಿಸಿದರೆ ಅವನ ಹಿಂದೆಯೂ ಹೀಗೇ ಹೋಗ್ತವೆ. ಹೆಣ್ಣು ಮಕ್ಕಳೂ ಇದಾವೆ ಇದರಲ್ಲಿ. ಯಾರು ಕಲಿಸಿದ್ದು? ಸರ್ಕಾರಿ ಸಿಸ್ಟ್ರು!”

ನನ್ನ ಮುಖ ಕೆಂಪಾಯಿತು. ಆ ಮಾತು ನಿಜವಾಗಿತ್ತು, ಅದಕ್ಕೇ ಇನ್ನೂ ಉರಿಯಿತು. ಅವತ್ತೇ ಪೆಪ್ಪರ್‌ಮೆಂಟು ನಿಲ್ಲಿಸಿದೆ. ಮನೆಯವರನ್ನು ಕೇಳದೆ ಯಾರ ಕೈಯಿಂದಲೂ ಏನೂ ತಿನ್ನಬಾರದು ಅಂತ ಅದೇ ಮಕ್ಕಳಿಗೆ ಹೇಳಿಕೊಡಲು ನನಗೆ ಒಂದು ಮಳೆಗಾಲವೇ ಹಿಡಿಯಿತು.

ಕೆ.ಆರ್.ಪೇಟೆಗೆ ವರ್ಗವಾದ ಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಹಾಡಹಗಲು, ಬಸ್ ನಿಲ್ದಾಣ ಸಂತೆಯ ಜನದಿಂದ ತುಂಬಿ ತುಳುಕುತ್ತಿತ್ತು. ಐದು ವರ್ಷದ ಒಬ್ಬ ಹುಡುಗ ಅಮ್ಮನ ಕೈ ತಪ್ಪಿಸಿಕೊಂಡು ಅಳುತ್ತಾ ನಿಂತಿದ್ದ. ಒಬ್ಬರು ಪೊಲೀಸಿನವರು, ಪಾಪ ಒಳ್ಳೆಯ ಮನುಷ್ಯ, “ಬಾ ಮಗ, ನಿಮ್ಮವ್ವ ಎಲ್ಲಿ?” ಎಂದು ಬಗ್ಗಿದರು. ಹುಡುಗ ಖಾಕಿ ಕಂಡವನೇ ಕಿಟಾರನೆ ಕಿರುಚಿ ಈ ಕಡೆ ಓಡಿದ. ಈ ಕಡೆ ನಾನು, ಬಿಳಿ ಸೀರೆಯಲ್ಲಿ, ಎರಡೂ ಕೈ ಚಾಚಿಕೊಂಡು! ನನ್ನನ್ನು ಕಂಡು ಇನ್ನೂ ಜೋರಾಗಿ ಕಿರುಚಿದ. ಆ ಕಡೆ ಪೊಲೀಸು, ಈ ಕಡೆ ಸಿಸ್ಟ್ರು. ಉಳಿದದ್ದು ಬಸ್ಸಿನ ಅಡಿ ಒಂದೇ. ಹೊರಡಲು ನಿಂತಿದ್ದ ಬಸ್ಸಿನ ಚಕ್ರದ ಮಧ್ಯೆ ನುಗ್ಗಿಬಿಟ್ಟ. ಡ್ರೈವರು ಆಗ ತಾನೇ ಗೇರು ಹಾಕಿದ್ದ.

ಹೂ ಮಾರುವ ಹೆಂಗಸೊಬ್ಬಳು ಬುಟ್ಟಿ ಎಸೆದು ಬಸ್ಸಿನ ಮುಂದೆ ಬಂದು ನಿಂತು ಬಾಯಿ ಬಡಿದುಕೊಂಡದ್ದರಿಂದ ಹುಡುಗ ಉಳಿದ. ಅವಳು ಕರೆದಳು, ಅವಳ ಕೈಗೆ ಬಂದ. ಯಾಕೆಂದರೆ ಹೂ ಮಾರುವವಳ ಹೆಸರು ಹೇಳಿ ಅವನನ್ನು ಯಾರೂ ಹೆದರಿಸಿರಲಿಲ್ಲ. ಅಷ್ಟರಲ್ಲಿ ಅವನ ತಾಯಿ ಓಡಿ ಬಂದಳು, ತಬ್ಬಿಕೊಂಡಳು, ಆಮೇಲೆ ಏನಂದಳು ಗೊತ್ತೇ? “ಇನ್ನೊಂದ್ಸಲ ಕೈ ಬುಟ್ಟೋದ್ರೆ ಪೋಲೀಸ್ಗೆ ಇಡ್ಕೊಟ್ಬುಡ್ತೀನಿ!” ನಾನೂ ಆ ಪೊಲೀಸಿನವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅದು ಆಗಿನ ಕಾಲ ಅಂದುಕೊಳ್ಳಬೇಡಿ. ಓದಿದ ತಾಯಂದಿರು ಈಗ ಮೊಬೈಲನ್ನು ಕಿವಿಗಿಟ್ಟುಕೊಂಡು, “ಹಲೋ, ಪೊಲೀಸ್ ಅಂಕಲ್, ನಮ್ಮ ಪಾಪು ಊಟ ಮಾಡ್ತಿಲ್ಲ, ಬನ್ನಿ” ಅನ್ನುವುದನ್ನು ನಾನೇ ಕಂಡಿದ್ದೇನೆ. ಆ ಪಾಪು ನಾಳೆ ಕಳೆದುಹೋದರೆ ಯಾರ ಹತ್ತಿರ ಹೋಗಬೇಕು? ಹೋಗಬಾರದವರ ಪಟ್ಟಿಯನ್ನು ಅನ್ನದ ಜೊತೆ ಕಲಸಿ ತಿನ್ನಿಸಿರುತ್ತಾರೆ, ಹೋಗಬೇಕಾದವರು ಯಾರು ಅಂತ ಒಬ್ಬರೂ ಹೇಳಿರುವುದಿಲ್ಲ.

ಬೇರೆ ಥರದ ತಾಯಿ ಒಬ್ಬಳನ್ನು ಕಂಡದ್ದು ಶ್ರೀರಂಗಪಟ್ಟಣದಲ್ಲಿ. ಕೋಟೆಯ ಒಳಗಿನ ಒಂದು ಬೀದಿ, ಶಾಹೀನಾ ಅಂತ ಅವಳ ಹೆಸರು. ಗಂಡ ಆಟೋ ಓಡಿಸುತ್ತಿದ್ದ, ಅವಳು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಮಗಳಿಗೆ ಐದು ವರ್ಷದ ಚುಚ್ಚುಮದ್ದು ಹಾಕಿಸಲು ಕರೆತಂದಿದ್ದಳು. ಉಳಿದ ತಾಯಂದಿರೆಲ್ಲ ಮಕ್ಕಳ ಕಣ್ಣು ಮುಚ್ಚಿ “ಏನೂ ಆಗಲ್ಲ, ಇರುವೆ ಕಚ್ಚಿದಂಗೆ” ಅನ್ನುತ್ತಿದ್ದರೆ, ಇವಳು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, “ಇದರಲ್ಲಿ ಚುಚ್ತಾರೆ ಬೇಟಿ. ನೋವಾಗ್ತದೆ. ನಾನು ಇಲ್ಲೇ ಇರ್ತೀನಿ” ಅಂದಳು. ಹುಡುಗಿ ಸೂಜಿ ನೋಡಿತು, ತಾಯಿಯನ್ನು ನೋಡಿತು, ತೋಳು ಕೊಟ್ಟಿತು. ಅತ್ತಿತು, ಮುಗಿಯಿತು. ನನಗೆ ಆಶ್ಚರ್ಯ ತಡೆಯಲಾಗಲಿಲ್ಲ.

“ಅಲ್ಲ ಶಾಹೀನಾ, ಮೊದಲೇ ಹೇಳಿಬಿಟ್ಟರೆ ಹೆದರಲ್ವಾ ಮಗು?”

“ಹೆದರ್ತಾಳೆ ಸಿಸ್ಟರ್. ಆದ್ರೆ ನಾನು ಆಗಲ್ಲ ಅಂತ ಹೇಳಿ ಆಗ್ಬಿಟ್ರೆ, ನಾಳೆಯಿಂದ ನನ್ನ ಮಾತಿಗೆ ಏನು ಬೆಲೆ? ಸೂಜಿ ಭಯ ಎರಡು ದಿನಕ್ಕೆ ಹೋಗ್ತದೆ. ಅಮ್ಮ ಸುಳ್ಳಿ ಅಂತ ಮನಸಲ್ಲಿ ಬಂದುಬಿಟ್ರೆ ಹೋಗಲ್ಲ ಅದು.”

ಇಷ್ಟೇ. ಟ್ರೈನಿಂಗಿನಲ್ಲಿ ನನಗೆ ಯಾರೂ ಇದನ್ನು ಹೇಳಿರಲಿಲ್ಲ. ಆಮೇಲಿಂದ ನಾನೂ ಯಾವ ಮಗುವಿಗೂ “ಏನೂ ಆಗಲ್ಲ” ಅನ್ನಲಿಲ್ಲ. ತಾಯಂದಿರಿಗೂ ಹೇಳುತ್ತಾ ಬಂದೆ. ಕೆಲವರು ಕೇಳಿದರು, ಬಹಳ ಜನ ನಕ್ಕರು. “ನೀವಂಗಂತೀರಿ ಸಿಸ್ಟ್ರೆ, ನಿಮ್ಮೆಸ್ರು ಯೋಳ್ದಿದ್ರೆ ನಮ್ಮುಡುಗ್ರು ನಿದ್ದೇನೇ ಮಾಡಕಿಲ್ಲ” ಅಂದರು.

ನಾನು ಹೇಳಲೇಬೇಕು ಅಂತ ಕೂತದ್ದು ಇನ್ನು ಮುಂದಿನದು. ಪಾಂಡವಪುರ ತಾಲ್ಲೂಕಿನಲ್ಲಿ, ನಿವೃತ್ತಿಗೆ ಕೆಲವು ವರ್ಷ ಇರುವಾಗ ನಡೆದದ್ದು. ಚಿನಕುರಳಿ ಕಡೆಯ ಒಂದು ಹಳ್ಳಿ. ಲಸಿಕೆ ಹಾಕುವ ದಿನ ಅಂಗನವಾಡಿಗೆ ಹೋಗುವಾಗ ಡೇರಿ ಮುಂದೆ ಜನ ಮಾತಾಡಿಕೊಳ್ಳುತ್ತಿದ್ದರು: ಮೊನ್ನೆ ಸಂಜೆ ಒಂದು ಬೀದಿನಾಯಿ ಸವಿತಾ ಮನೆಯ ಕರುವನ್ನು ಕಚ್ಚಿತಂತೆ, ಜೊಲ್ಲು ಸುರಿಸಿಕೊಂಡು ಊರೆಲ್ಲ ಸುತ್ತಿ, ಕಬ್ಬಿನ ಗದ್ದೆಯ ಬದುವಿನಲ್ಲಿ ಸತ್ತು ಬಿದ್ದಿತ್ತಂತೆ. ಹುಚ್ಚುನಾಯಿ! ಹುಚ್ಚುನಾಯಿ ಕಚ್ಚಿದವರಿಗೆ ತಡಮಾಡದೆ ಚುಚ್ಚುಮದ್ದು ಬೀಳಬೇಕು. ರೋಗ ಒಮ್ಮೆ ಕಾಣಿಸಿಕೊಂಡರೆ ದೊಡ್ಡ ದೊಡ್ಡ ಡಾಕ್ಟರೂ ಕೈ ಚೆಲ್ಲುವುದೇ. ಅಂಗನವಾಡಿಯ ಕೆಲಸವನ್ನು ಆಶಾ ಕಾರ್ಯಕರ್ತೆಗೆ ಒಪ್ಪಿಸಿ ಸವಿತಾ ಮನೆಗೆ ಓಡಿದೆ.

ಸವಿತಾ ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಗಟ್ಟಿಗಿತ್ತಿ ಹೆಂಗಸು. ಎರಡು ಮಕ್ಕಳು: ಮಗಳು ಚಂದನಾ ಎಂಟು ವರ್ಷದವಳು, ಮಗ ಇನ್ನೂ ಮಾತು ಬಾರದ ಕೂಸು. ಅತ್ತೆ ಜವರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಮನೇಲಿ ಯಾರಿಗಾದರೂ ಕಚ್ಚಿತಾ ಆ ನಾಯಿ? ಪರಚಿತಾ?”

“ಇಲ್ಲ ಸಿಸ್ಟ್ರೆ, ಕರೂಗೆ ಮಾತ್ರ. ದನದ ಡಾಕ್ಟ್ರು ಬಂದು ನೋಡ್ಕಂಡೋದ್ರು” ಅಂದಳು ಸವಿತಾ.

“ಮಕ್ಕಳು ಎಲ್ಲಿದ್ದರು ಆವಾಗ?”

“ಇತ್ಲಲ್ಲಿ ಆಡ್ತಿದ್ವು. ಕಚ್ಚಿದ್ರೆ ಯೋಳ್ತಿರ್ನಿಲ್ವಾ?”

ಜವರಮ್ಮನ ಕೈ ನಿಂತಿತು. “ಅಲ್ಲ ಕಣೆ ಸವಿತಾ, ಈ ಚಂದನಾ ಮೊನ್ನೆಯಿಂದ ನನ್ ಕೈಲಿ ಕಾಲ್ ತೊಳಿಸ್ಕತಾ ಇಲ್ಲ. ಮುಟ್ಟಾಕೋದ್ರೆ ಎಳ್ಕತಾಳೆ. ಉದ್ದನ್ ಪ್ಯಾಂಟು ಬಿಚ್ಚಾಕಿಲ್ಲ ಅಂತಾಳೆ.”

“ಕರೀರಿ ಅವಳನ್ನ” ಅಂದೆ.

ಕರೆದರೆ ಚಂದನಾ ಇಲ್ಲ. ತಮ್ಮನೂ ಇಲ್ಲ, ಅವಳು ಯಾವಾಗಲೂ ಅವನನ್ನು ಸೊಂಟದ ಮೇಲೆ ಏರಿಸಿಕೊಂಡೇ ಓಡಾಡುವುದು. ಶಾಲೆಯ ಚೀಲ ಮೊಳೆಗೆ ನೇತುಹಾಕಿದ ಹಾಗೇ ಇತ್ತು. ಕೊಟ್ಟಿಗೆ ನೋಡಿದರು, ಪಕ್ಕದ ಮನೆ ನೋಡಿದರು. “ಈಗಿನ್ನೂ ಇಲ್ಲೇ ಇದ್ಲು, ನೀವು ಬೀದೀಲಿ ಬರದ್ನ ನೋಡಿ ಒಳೀಕೋದ್ಲು” ಎಂದರು ಜವರಮ್ಮ. ಮನೆಯ ಹಿಂದೆ ಸ್ವಲ್ಪ ದೂರದಲ್ಲೇ ನಾಲೆ. ನೀರು ಬಿಟ್ಟು ದಡ ಮುಟ್ಟಿ ಹರಿಯುತ್ತಿತ್ತು. ಸವಿತಾ ಒಂದು ಸಲ ನಾಲೆಯ ಕಡೆ ನೋಡಿದಳು, ಅಷ್ಟೇ, “ಅಯ್ಯೋ ನನ್ ಮಕ್ಳೇ!” ಎಂದು ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿದಳು. ಕೇಳಿದವರೆಲ್ಲ ಹಿಂದೆ ಓಡಿದರು. ನಾಲೆಯ ಏರಿಯ ಉದ್ದಕ್ಕೂ “ಚಂದನಾ, ಚಂದನಾ” ಎಂಬ ಕೂಗು. ಯಾರೋ ನೀರಿಗೂ ಇಳಿದರು. ನನ್ನನ್ನು ನೋಡಿ ಓಡಿದ ಮಗು ನೀರಿಗೆ ಬಿದ್ದಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಬದುಕಲಿ?

ಓಡಲಾಗದೆ ನಾನು ಕೊಟ್ಟಿಗೆಯ ಹಿಂದಿನ ಹುಲ್ಲಿನ ಮೆದೆಗೆ ಒರಗಿ ನಿಂತೆ. ಆಗ ಮೆದೆಯ ಒಳಗಿಂದ ಕೂಸು ಕುಸುಗುಟ್ಟಿದ ಸದ್ದು. ಅದರ ಹಿಂದೆಯೇ ಹುಡುಗಿಯ ಪಿಸುಮಾತು:

“ಸುಮ್ಕಿರ್ಲಾ. ಸಿಸ್ಟ್ರು ಅವ್ಳೆ. ಅತ್ರೆ ಇಡ್ಕಂಡೋಗ್ಬುಡ್ತಾಳೆ.”

ಮಕ್ಕಳು ಬದುಕಿವೆ ಅಂತ ನನ್ನ ಜೀವಕ್ಕೆ ಜೀವ ಬಂತು. ಮರುಗಳಿಗೆಯೇ ಆ ಮಾತು ತಲೆಗೆ ಹತ್ತಿತು. ಎಂಟು ವರ್ಷದ ಹುಡುಗಿ, ಕಾಲಲ್ಲಿ ಹುಚ್ಚುನಾಯಿಯ ಹಲ್ಲು ಊರಿದೆ, ಅವಳು ಹೆದರಿ ಅಡಗಿರುವುದು ಔಷಧಿ ಕೊಡುವವಳಿಗೆ!

ಹಿಂದೆ ಬಂದಿದ್ದ ಜವರಮ್ಮನಿಗೂ ಅದು ಕೇಳಿಸಿತ್ತು. “ಬಾ ಮಗ ಆಚೆಗೆ, ಸಿಸ್ಟ್ರು ಓಗ್ಬುಟ್ರು” ಎಂದು ಕರೆದರು. ಮೆದೆಯ ಸಂದಿಯಿಂದ ನನ್ನ ಚಪ್ಪಲಿ ಕಾಣುತ್ತಿತ್ತೋ ಏನೋ, ಒಳಗೆ ಹುಲ್ಲು ಸರಬರ ಎಂದು ಇನ್ನೂ ಹಿಂದಕ್ಕೆ ಸರಿಯಿತು. ಬಾಯಿ ಮುಚ್ಚಿಕೊಂಡಿರಿ ಅಂತ ಅಜ್ಜಿಗೆ ಸನ್ನೆ ಮಾಡಿ ನಾನು ನೆಲದ ಮೇಲೆ ಕೂತೆ.

“ಇಲ್ಲೇ ಇದೀನಿ ಚಂದನಾ. ಹೋಗಿಲ್ಲ. ನಾಯಿ ಕಚ್ಚಿದೆ ಅಂತಲೂ ಗೊತ್ತು.”

ಒಳಗೆ ಕೂಸು ಮತ್ತೆ ಕುಸುಗುಟ್ಟಿತು.

“ನಿನ್ನ ಹಿಡ್ಕೊಂಡು ಹೋಗಲ್ಲ. ಆಸ್ಪತ್ರೆಗೆ ನಿಮ್ಮಮ್ಮನ ಜೊತೆ ಹೋಗಬೇಕು. ಚುಚ್ತಾರೆ. ಒಂದೇ ಸಲ ಅಲ್ಲ, ಇನ್ನೂ ಕೆಲವು ಸಲ ಹೋಗಬೇಕು. ನೋವಾಗುತ್ತೆ.”

ಒಳಗಿಂದ ಪಿಸುಮಾತು ಬಂತು: “ಹೊಟ್ಟೆಗಾ?”

ನಾನು ಜವರಮ್ಮನ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು. “ನಾಯಿ ತಾವ್ಕೋಗ್ಬ್ಯಾಡ, ಕಚ್ಚುದ್ರೆ ಸಿಸ್ಟ್ರು ಹೊಕ್ಳಿನ ಸುತ್ತ ಹದಿನಾಲ್ಕು ಸೂಜಿ ಚುಚ್ತಾರೆ ಅಂತ ನಾನೇ ಯೋಳಿದ್ದೆ ಕಣವ್ವ. ನಾಯಿ ತಾವ್ಕೋಗ್ದೆ ಇರ್ಲಿ ಅಂತ” ಎಂದರು, ಅಳು ಬಂದಿತ್ತು ಅವರಿಗೆ. ಅಜ್ಜಿಯ ಕಾಲದಲ್ಲಿ ಅದು ನಿಜವೇ. ಹೊಟ್ಟೆಗೆ ಹಾಕುವುದು ನಿಂತು ಎಷ್ಟು ಕಾಲವಾಯಿತು! ಸೂಜಿ ಹೋದರೂ ಅದರ ಕಥೆ ಆ ಮನೆಯಲ್ಲಿ ಉಳಿದುಕೊಂಡಿತ್ತು. ಆ ಕಥೆಯೇ ಆ ಮಗುವಿನ ಬಾಯಿ ಹೊಲಿದಿತ್ತು.

“ಹೊಟ್ಟೆಗಲ್ಲ. ಆ ಕಾಲ ಹೋಯ್ತು. ತೋಳಿಗೆ ಹಾಕ್ತಾರೆ. ಕಚ್ಚಿದ ಗಾಯದ ಸುತ್ತ ಬೇರೆ ಔಷಧಿ ಹಾಕ್ತಾರೆ, ಅದು ಜಾಸ್ತಿ ನೋವು. ಸುಳ್ಳು ಹೇಳಲ್ಲ ನಾನು. ಹಾಕಿಸಿಕೊಳ್ಳದೇ ಇದ್ದರೆ ಮಾತ್ರ ಜೀವಕ್ಕೇ ಬರುತ್ತೆ ಮಗಳೇ.”

ಹುಲ್ಲು ಅಲುಗಾಡಿತು. ಮೊದಲು ಕೂಸನ್ನು ಆಚೆ ದೂಡಿದಳು. ಆಮೇಲೆ ತಾನು ಬಂದಳು, ತಲೆಯ ತುಂಬ ಹುಲ್ಲುಕಡ್ಡಿ. ಪ್ಯಾಂಟು ಮೇಲೆತ್ತಿದರೆ ಮೀನಖಂಡದಲ್ಲಿ ನಾಯಿಯ ಹಲ್ಲಿನ ಗಾಯ, ಸುತ್ತ ಕೆಂಪಗೆ ಊದಿಕೊಂಡಿತ್ತು. ಮೇಲೆ ರಿಬ್ಬನ್ನು ಕಟ್ಟಿಕೊಂಡಿದ್ದಳು. ಎರಡು ರಾತ್ರಿ ಆ ನೋವನ್ನು ನುಂಗಿಕೊಂಡು ಅಜ್ಜಿಯ ಪಕ್ಕದಲ್ಲೇ ಮಲಗಿದ್ದಳು ಈ ಮಗು!

ಅಜ್ಜಿ ಒಳಗೆ ಹೋಗಿ ಅರಿಶಿನ, ಖಾರದಪುಡಿ ಹಿಡಿದುಕೊಂಡು ಬಂದರು. “ಅದೇನೂ ಹಚ್ಚಬಾರದು, ಸೋಪು ತನ್ನಿ” ಎಂದು ಗದರಿ, ನಲ್ಲಿ ಬಿಟ್ಟು ಹರಿಯುವ ನೀರಿನಲ್ಲಿ ಗಾಯ ತೊಳೆಯತೊಡಗಿದೆ. ನೆನಪಿರಲಿ ನಿಮಗೆ, ತಡವಾಗಿದ್ದರೂ ಸರಿ, ಮೊದಲ ಕೆಲಸ ಸೋಪು ನೀರಿನಲ್ಲಿ ಕಾಲು ಗಂಟೆ ತೊಳೆಯುವುದೇ. ಉರಿಗೆ ಅವಳು ಬಿಕ್ಕುತ್ತಿದ್ದಳು, ಕಾಲು ಮಾತ್ರ ಎಳೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಸವಿತಾ ನಾಲೆಯ ಕಡೆಯಿಂದ ಬಂದಳು. ಮಂಡಿಯವರೆಗೂ ಕೆಸರು, ಕೂದಲು ಕೆದರಿ, ಉಸಿರು ಮೇಲಕ್ಕೂ ಕೆಳಕ್ಕೂ. ಮಕ್ಕಳನ್ನು ಕಂಡದ್ದೇ ಕೂಸನ್ನು ಬಾಚಿ ಎತ್ತಿ ಎದೆಗೊತ್ತಿಕೊಂಡಳು. ಆಮೇಲೆ ಮಗಳ ಕಾಲು ನೋಡಿದಳು. ಗಾಯ ನೋಡಿದಳು. ಹೆದರಿಕೆ ಎಲ್ಲ ಒಂದೇ ಗಳಿಗೆಗೆ ಸಿಟ್ಟಾಗಿ ತಿರುಗಿತು.

“ಮುಂಡೇದೇ! ಕಚ್ಚುಸ್ಕಂಡು ಯೋಳ್ದೆ ಕೂತಿದ್ಯಾ? ನಾಲೇಗೆ ಬಿದ್ರಿ ಅಂತ ನನ್ ಪ್ರಾಣ ಓಗಿತ್ತಲ್ಲೇ!” ಎಂದು ಕೈ ಎತ್ತಿದಳು.

ನಾನು ಸೋಪಿನ ಕೈಯಲ್ಲೇ ಆ ಕೈ ಹಿಡಿದುಬಿಟ್ಟೆ. “ಹೊಡೀಬೇಡ ಸವಿತಾ! ಈಗ ಬಾಯಿ ಬಿಟ್ಟಿದಾಳೆ. ಈಗ ಹೊಡೆದರೆ ಇನ್ನು ಜನ್ಮದಲ್ಲಿ ನಿನಗೆ ಏನೂ ಹೇಳಲ್ಲ ಅವಳು.”

ಹೊಡೆಯುವ ಬಲ ಇನ್ನೂ ಇತ್ತು ಆ ಕೈಯಲ್ಲಿ. ಮಗಳು ಕಣ್ಣು ಮುಚ್ಚಿ, ಭುಜ ಮೇಲೆತ್ತಿ, ಏಟಿಗೆ ಕಾಯುತ್ತಾ ನಿಂತಿದ್ದಳು. ಸವಿತಾ ಅದನ್ನು ನೋಡಿದಳು. ಕೈ ಸಡಿಲವಾಯಿತು. ಕೂಸನ್ನು ಎತ್ತಿಕೊಂಡೇ ಆ ಕೆಸರಿನಲ್ಲೇ ಕುಸಿದು ಕೂತಳು. “ವಡೆಯಕಿಲ್ಲ ಕಣವ್ವ. ಯೋಳ್ದಲ್ಲ, ಅಷ್ಟು ಸಾಕು, ಯೋಳ್ದಲ್ಲ” ಎಂದು ಗಳಗಳ ಅತ್ತಳು.

ಚಂದನಾ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಅಮ್ಮನ ಕೈ ಕೆಳಗಿದೆ ಅಂತ ಖಾತ್ರಿ ಮಾಡಿಕೊಂಡಳು.

“ಅವ್ವ, ಇನ್ನೊಂದು ಯೋಳ್ಲಾ?”

“ಯೋಳು ಮಗ.”

“ಪಾಪೂಗೂ ಕಚ್ಚೈತೆ.”

ಸವಿತಾಳ ಎದೆಯ ಮೇಲೆ ನಗುತ್ತಾ ಕೂತಿದ್ದ ಕೂಸಿನ ಒಂದು ಕಾಲಿಗೆ ಮಾತ್ರ ಅಕ್ಕ ಹಾಕಿದ್ದ ಕಾಲುಚೀಲ ಇತ್ತು. ಸವಿತಾ ಅದನ್ನು ಎಳೆದಳು. ಹಿಮ್ಮಡಿಯ ಮೇಲೆ, ಪುಟ್ಟ ಪುಟ್ಟ ಹಲ್ಲಿನ ಗುರುತು. ನಾಯಿ ಮೊದಲು ಹಿಡಿದದ್ದು ಕೂಸನ್ನು. ಅಕ್ಕ ಬಿಡಿಸಲು ಹೋಗಿ ತಾನು ಕಚ್ಚಿಸಿಕೊಂಡಿದ್ದಳು. ಇಬ್ಬರನ್ನೂ ಸಿಸ್ಟ್ರಿಂದ ಕಾಪಾಡುತ್ತಿದ್ದಳು.

ಅವನ ಗಾಯವನ್ನೂ ತೊಳೆದು, ಹಾಲಿನ ವ್ಯಾನಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಲ್ಲ ಚುಚ್ಚುಮದ್ದೂ ತಪ್ಪದೆ ಬಿದ್ದವು, ಇಬ್ಬರೂ ಚೆನ್ನಾಗಿದ್ದಾರೆ. ಆ ಕೂಸಿಗೆ ಆಗ ಮಾತು ಬರುತ್ತಿರಲಿಲ್ಲ. ಅವನಿಗೆ ಕಚ್ಚಿದೆ ಅಂತ ಈ ಭೂಮಿಯ ಮೇಲೆ ಗೊತ್ತಿದ್ದದ್ದು ಅವಳೊಬ್ಬಳಿಗೇ. ಆ ಏಟು ಬಿದ್ದಿದ್ದರೆ ಅವಳು ಹೇಳುತ್ತಿರಲಿಲ್ಲ, ನಾನು ಅವಳೊಬ್ಬಳನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಗು ಉಳಿಸಿದೆ ಅಂದುಕೊಂಡು ಮನೆಗೆ ಬರುತ್ತಿದ್ದೆ.